ಮೂಗು ತಿದ್ದಿದ ಬರ್ಲಿನ್ನಿನ ವೈದ್ಯ

ಅಂದಕ್ಕಾಗಿ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಉಳ್ಳವರ ಶೋಕಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಚಿಕಿತ್ಸೆಗೆ ಶಾಸ್ತ್ರೀಯ ತಳಹದಿ ಹಾಕಿದ ಜರ್ಮನ್ ವೈದ್ಯ ಜಾಕ್ ಜೋಸೆಫ್ ಅವರ ಬದುಕನ್ನು ಅವಲೋಕಿಸಿದರೆ, ಆ ತೀರ್ಪು ಅವಸರದ್ದೆನಿಸುತ್ತದೆ.

ಜೋಸೆಫ್ ಜನಿಸಿದ್ದು 1865ರಲ್ಲಿ, ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ. ತಂದೆ ಯಹೂದಿ ಧರ್ಮಗುರು. ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರ ಓದಿದ ಅವರು ಮೂಳೆತಜ್ಞ ಜೂಲಿಯಸ್ ವೋಲ್ಫ್ ಅವರಿಗೆ ಸಹಾಯಕರಾದರು. ಚಾಚಿದ ಕಿವಿಗಳ ದೆಸೆಯಿಂದ ಸಹಪಾಠಿಗಳ ಗೇಲಿಗೆ ಗುರಿಯಾಗಿ ಶಾಲೆಯನ್ನೇ ತೊರೆಯಲು ಹೊರಟಿದ್ದ ಬಾಲಕನೊಬ್ಬನ ಕಿವಿಗಳನ್ನು 1896ರಲ್ಲಿ ಅವರು ಸರಿಪಡಿಸಿದರು. ಚಿಕಿತ್ಸೆ ಫಲಿಸಿತು, ಆದರೆ ರೋಗವಿಲ್ಲದ ಅಂಗಕ್ಕೆ ಶಸ್ತ್ರ ತಾಗಿಸಿದ್ದಕ್ಕಾಗಿ ಜೋಸೆಫ್ ಕೆಲಸ ಕಳೆದುಕೊಂಡರು.

ಕತ್ತರಿಸಿಹೋದ ಮೂಗನ್ನು ಮರಳಿ ಕಟ್ಟುವ ವಿದ್ಯೆ ಸುಶ್ರುತ ಸಂಹಿತೆಯಷ್ಟು ಹಳೆಯದು. ಇಡಿಯಾಗಿರುವ ಮೂಗಿನ ಆಕಾರವನ್ನು ಬದಲಿಸುವುದು ಬೇರೆಯೇ ಮಾತು. ಅಮೆರಿಕದ ಜಾನ್ ಓರ್ಲ್ಯಾಂಡೊ ರೋ 1887ರಲ್ಲಿಯೇ ಅಂಥ ಪ್ರಯತ್ನ ಮಾಡಿದ್ದರು. ಜೋಸೆಫ್ ಬಳಿಗೆ 1898ರಲ್ಲಿ ಬಂದವರು 28 ವರ್ಷದ ಜಮೀನುದಾರರು. ದೊಡ್ಡ ಮೂಗಿನ ಸಂಕೋಚದಿಂದ ಅವರು ಜನರ ನಡುವೆ ಸೇರುವುದನ್ನೇ ಬಿಟ್ಟಿದ್ದರು. ಚಿಕಿತ್ಸೆಯ ಬಳಿಕ, ಯಾರೂ ತಮ್ಮತ್ತ ತಿರುಗಿ ನೋಡದಂತಾದದ್ದೇ ಅವರಿಗೆ ಸಂತಸ ತಂದಿತು.

ಮೊದಮೊದಲು ಮೂಗಿನ ಹೊರಚರ್ಮವನ್ನು ಸೀಳಬೇಕಾಗುತ್ತಿತ್ತು. ಗಾಯದ ಗುರುತು ಉಳಿಯುತ್ತಿತ್ತು. 1904ರ ವೇಳೆಗೆ ಜೋಸೆಫ್ ಹೊಳ್ಳೆಗಳ ಒಳಗಿನಿಂದಲೇ ಕೆಲಸ ಮಾಡತೊಡಗಿದರು. ಮೂಗಿನ ಮೇಲಿನ ಉಬ್ಬಿದ ಮೂಳೆ ಮತ್ತು ಮೃದ್ವಸ್ಥಿಯನ್ನು ತೆಗೆಯುವುದು, ಬದಿಯ ಮೂಳೆಗಳನ್ನು ಸಣ್ಣ ಗರಗಸದಿಂದ ಬಿಡಿಸಿ ಒಳಕ್ಕೆ ಸರಿಸುವುದು, ನಡುಗೋಡೆಯ ತುದಿಯನ್ನು ಕತ್ತರಿಸಿ ಉದ್ದವನ್ನು ತಗ್ಗಿಸುವುದು: ಇವು ಇಂದಿಗೂ ಈ ಶಸ್ತ್ರಚಿಕಿತ್ಸೆಯ ಮೂಲಪಾಠಗಳಾಗಿವೆ.

ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರಗೊಂಡ ಯೋಧರು ಸಾಲುಸಾಲಾಗಿ ಬಂದಾಗ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯು ಮುಖ ಚಿಕಿತ್ಸಾ ವಿಭಾಗವನ್ನು ಜೋಸೆಫ್ ಅವರಿಗೆ ಒಪ್ಪಿಸಿತು. ಯುದ್ಧಾನಂತರ ಪ್ರೊಫೆಸರ್ ಪದವಿಯೂ ದೊರೆಯಿತು. ಅವರ ಖಾಸಗಿ ಚಿಕಿತ್ಸಾಲಯಕ್ಕೆ ಬಂದವರಲ್ಲಿ, ಜನಾಂಗದ ಗುರುತೆಂದು ಹೀಯಾಳಿಕೆಗೆ ಒಳಗಾಗುತ್ತಿದ್ದ ಮೂಗನ್ನು ಬದಲಿಸಿಕೊಳ್ಳಬಯಸಿದ ಯಹೂದಿಗಳೂ ಇದ್ದರು. ಬಡವರಿಗೆ ಅವರು ಶುಲ್ಕವಿಲ್ಲದೆ ಚಿಕಿತ್ಸೆ ನೀಡಿದ್ದುಂಟು. ಅವರ ಬೃಹತ್ ಗ್ರಂಥ 1931ರ ವೇಳೆಗೆ ಪೂರ್ಣಗೊಂಡಿತು.

ನಾಜಿಗಳು 1933ರಲ್ಲಿ ಅಧಿಕಾರಕ್ಕೆ ಬಂದು ಯಹೂದಿ ವೈದ್ಯರ ವೃತ್ತಿಗೆ ನಿರ್ಬಂಧ ಹೇರತೊಡಗಿದರು. 1934ರ ಫೆಬ್ರುವರಿಯಲ್ಲಿ ಜೋಸೆಫ್ ಹೃದಯಾಘಾತದಿಂದ ತೀರಿಕೊಂಡರು. ನೂರಾರು ಜನರಿಗೆ ಗುಂಪಿನಲ್ಲಿ ಒಬ್ಬರಾಗುವ ನೆಮ್ಮದಿ ಕೊಟ್ಟಿದ್ದ ವೈದ್ಯರನ್ನೇ ಆ ಪ್ರಭುತ್ವ ಹುಟ್ಟಿನ ಕಾರಣಕ್ಕೆ ಗುರುತಿಸಿ ದೂರವಿಟ್ಟಿತ್ತು.

ಮೂಗು ತಿದ್ದಿಸಿಕೊಳ್ಳುವವರನ್ನು ಕಂಡು ನಗುವ ಮುನ್ನ, ಅವರನ್ನು ಶಸ್ತ್ರವೈದ್ಯರ ಬಾಗಿಲಿಗೆ ತಳ್ಳುವ ಸಮಾಜದ ಕಣ್ಣನ್ನೂ ನಾವು ಪರೀಕ್ಷಿಸಬೇಕಾಗಿದೆ. ಆ ಕಣ್ಣಿನ ದೋಷಕ್ಕೆ ಜೋಸೆಫ್ ಅವರ ಬಳಿಯೂ ಮದ್ದಿರಲಿಲ್ಲ.