ಜೆ. ಬಿ. ಎಸ್. ಹಾಲ್ಡೇನ್

ಕಲಬುರಗಿಯ ಪೇಟೆಗೆ ಬರುವ ಕಮಲಾಪುರದ ಕೆಂಪು ಬಾಳೆಯನ್ನು ಬೀಜದಿಂದ ಬೆಳೆಸುವುದಿಲ್ಲ. ಕಂದನ್ನು ನೆಟ್ಟು ಬೆಳೆಸುವುದರಿಂದ ತಾಯಿಗಿಡದ ಬಣ್ಣ, ರುಚಿ, ಪರಿಮಳಗಳೆಲ್ಲವೂ ಒಟ್ಟಾಗಿಯೇ ಬರುತ್ತವೆ. ಬೀಜದಿಂದ ಹುಟ್ಟುವ ತೊಗರಿಯ ರೀತಿ ಬೇರೆ. ಜೇನ್ನೊಣಗಳು ಒಂದು ಗಿಡದ ಪರಾಗವನ್ನು ಮತ್ತೊಂದಕ್ಕೆ ಒಯ್ದಾಗ ಎರಡು ಗಿಡಗಳ ಗುಣಗಳು ಬೆರೆತು ಹೊಸ ಜೋಡಣೆಯನ್ನು ಪಡೆಯುತ್ತವೆ. ಆದರೆ ಹಾಗೆ ಬೆರೆಯುವಾಗಲೂ ಕೆಲವು ಗುಣಗಳು ಒಂದನ್ನೊಂದು ಸುಲಭವಾಗಿ ಅಗಲುವುದಿಲ್ಲ. ಅವುಗಳ ವಂಶವಾಹಿಗಳು ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇರುವುದೇ ಇದಕ್ಕೆ ಕಾರಣ. ಈ ನಂಟಿಗೆ ಇಂಗ್ಲಿಷಿನಲ್ಲಿ ಲಿಂಕೇಜ್ ಎಂದೂ ಕನ್ನಡದಲ್ಲಿ ಸಹಲಗ್ನತೆ ಎಂದೂ ಹೆಸರು. ಲಿಂಕ್ ಎಂದರೆ ಸರಪಳಿಯ ಕೊಂಡಿ, ಲಗ್ನವೆಂದರೆ ಅಂಟಿಕೊಂಡದ್ದು. ಅಮೆರಿಕದ ಮಾರ್ಗನ್ 1911ರಲ್ಲಿ ಹಣ್ಣಿನ ನೊಣಗಳನ್ನು ಪರೀಕ್ಷಿಸಿ ಈ ನಂಟಿನ ಕಾರಣವನ್ನು ವಿವರಿಸಿದರು. ಅದನ್ನು ಅಳೆಯುವ ಮಾನಕ್ಕೆ ಹೆಸರಿಟ್ಟವರು ಹಾಲ್ಡೇನ್.

ಹಾಲ್ಡೇನ್ 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಜನಿಸಿದರು. ತಂದೆ ಹೆಸರಾಂತ ಶರೀರಶಾಸ್ತ್ರಜ್ಞರು. ತರುಣ ಹಾಲ್ಡೇನರು ತಂಗಿ ನಯೋಮಿ ಹಾಗೂ ಗೆಳೆಯ ಸ್ಪ್ರಂಟರೊಡನೆ ಇಲಿಗಳನ್ನು ಸಾಕಿ, ಅವುಗಳ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಸಾಗುವ ಬಗೆಯನ್ನು ಗುರುತಿಸುತ್ತಿದ್ದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸ್ಪ್ರಂಟ್ ರಣರಂಗದಲ್ಲಿ ಮಡಿದರು. ಹಾಲ್ಡೇನರೂ ಸೈನ್ಯದಲ್ಲಿದ್ದರು, ತಮ್ಮ ಜೀವಕ್ಕೂ ಭರವಸೆಯಿರಲಿಲ್ಲ. ಗೆಳೆಯನ ಶ್ರಮ ಮಣ್ಣುಪಾಲಾಗಬಾರದೆಂದು, ಕೆಲಸ ಪೂರ್ಣವಾಗುವ ಮೊದಲೇ 1915ರಲ್ಲಿ ಮೂವರ ಹೆಸರಿನಲ್ಲಿಯೂ ಲೇಖನವನ್ನು ಪ್ರಕಟಿಸಿದರು. ಸಸ್ತನಿಗಳಲ್ಲಿಯೂ ಸಹಲಗ್ನತೆ ಉಂಟೆಂಬುದು ಹೀಗೆ ಲೋಕಕ್ಕೆ ತಿಳಿಯಿತು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ವಂಶವಾಹಿಗಳ ನಡುವಣ ದೂರವನ್ನು ಲೆಕ್ಕಹಾಕುವ ಗಣಿತಕ್ರಮವೊಂದನ್ನು ಅವರು ರೂಪಿಸಿದರು. ನೂರು ಸಂತತಿಗಳಲ್ಲಿ ಒಂದರಲ್ಲಿ ಮಾತ್ರ ಜೊತೆಗೂಡಿದ ಎರಡು ಗುಣಗಳು ಬೇರ್ಪಟ್ಟರೆ, ಆ ದೂರ ಸುಮಾರು ಒಂದು ಸೆಂಟಿಮಾರ್ಗನ್. ತಮ್ಮ ಹೆಸರನ್ನಿಡದೆ ಮಾರ್ಗನ್ನರ ಹೆಸರನ್ನಿಟ್ಟದ್ದು ಹಾಲ್ಡೇನರ ಹಿರಿಮೆ. 1937ರಲ್ಲಿ ಜೂಲಿಯಾ ಬೆಲ್ ಅವರೊಡನೆ, ಮನುಷ್ಯರಲ್ಲಿ ಬಣ್ಣಗುರುಡಿಗೂ ರಕ್ತ ಹೆಪ್ಪುಗಟ್ಟದ ರೋಗಕ್ಕೂ ಇಂಥದೇ ನಂಟಿರುವುದನ್ನು ತೋರಿಸಿದರು. ರೋಗವನ್ನು ಉಂಟುಮಾಡುವ ವಂಶವಾಹಿಯ ನೆಲೆಯನ್ನು ಹುಡುಕಲು ಇದರಿಂದ ದಾರಿಯಾಯಿತು.

1957ರಲ್ಲಿ ಹಾಲ್ಡೇನ್ ಭಾರತಕ್ಕೆ ಬಂದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಭಾರತೀಯ ಉಡುಪನ್ನು ಧರಿಸಿದರು. ಈ ದೇಶದ ಪೌರತ್ವವನ್ನೂ ಪಡೆದರು. ಕೊನೆಯ ವರ್ಷಗಳನ್ನು ಭುವನೇಶ್ವರದಲ್ಲಿ ಸಂಶೋಧನೆಯಲ್ಲಿ ಕಳೆದು, 1964ರ ಡಿಸೆಂಬರ್ 1ರಂದು ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಮಡಿದ ಗೆಳೆಯನ ದುಡಿಮೆಯನ್ನು ಉಳಿಸಿದ ಹಾಲ್ಡೇನರು, ತಮ್ಮ ದೇಹವನ್ನೂ ವಿದ್ಯಾರ್ಥಿಗಳ ಕಲಿಕೆಗೆ ಮೀಸಲಿಟ್ಟರು.