ನೀರಿನ ಮೇಲಿಂದ ವಿಮಾನ ಹಾರಿಸಿದ ಗ್ಲೆನ್ ಕರ್ಟಿಸ್

ಈ ಸಲ ಮಹನೀಯರ ಜೀವನ ಬರೆಯುವ ಸರದಿ ನನ್ನದು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಆಗಲೇ ಮೂರು ಜನ ಬರೆದಾಗಿದೆ. ಅದಕ್ಕೆ ನಾನು ಅಮೆರಿಕದ ಗ್ಲೆನ್ ಕರ್ಟಿಸ್ ಅವರನ್ನು ಆರಿಸಿಕೊಂಡೆ. ಅವರೂ ನಮ್ಮ ಹಾಗೇ ನೀರಿನ ದಡದವರು. ನಮಗೆ ಕನ್ನಂಬಾಡಿ ಹಿನ್ನೀರು ಇದ್ದ ಹಾಗೆ ಅವರ ಊರಾದ ಹ್ಯಾಮಂಡ್ಸ್‌ಪೋರ್ಟಿಗೆ ಕ್ಯೂಕಾ ಎಂಬ ದೊಡ್ಡ ಸರೋವರ ಇದೆ.

ಅವರು ಹುಟ್ಟಿದ್ದು 1878ನೇ ಇಸವಿ ಮೇ 21ರಂದು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಂಗಿಗೆ ಕಾಯಿಲೆ ಬಂದು ಕಿವಿ ಕೇಳದಂತಾಯಿತು. ಎಂಟನೇ ತರಗತಿ ಮುಗಿಸಿ ಕರ್ಟಿಸ್ ಶಾಲೆ ಬಿಟ್ಟರು. ಸೈಕಲ್ ಮೇಲೆ ತಂತಿ ಸಂದೇಶ ಹಂಚಿದರು. ಆಮೇಲೆ ಸೈಕಲ್ ಅಂಗಡಿ ಇಟ್ಟರು, ಮೋಟಾರ್ ಸೈಕಲ್ ಮಾಡಿದರು. 1907ರಲ್ಲಿ ತಾವೇ ಮಾಡಿದ ಮೋಟಾರ್ ಸೈಕಲ್ಲನ್ನು ಗಂಟೆಗೆ 136 ಮೈಲಿ ವೇಗದಲ್ಲಿ ಓಡಿಸಿದರು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಅವರನ್ನು ತಮ್ಮ ವಿಮಾನದ ತಂಡಕ್ಕೆ ಸೇರಿಸಿಕೊಂಡರು. 1908ರ ಜುಲೈ 4ರಂದು ಕರ್ಟಿಸ್ ಜೂನ್ ಬಗ್ ಎಂಬ ವಿಮಾನವನ್ನು ಒಂದು ಕಿಲೋಮೀಟರಿಗಿಂತ ದೂರ ಹಾರಿಸಿ ಬಹುಮಾನ ಗೆದ್ದರು.

ಆಗ ಅವರಿಗೆ ನೀರಿನ ಮೇಲಿಂದಲೂ ಹಾರಬೇಕು ಅನ್ನಿಸಿತು. ಅದೇ ವರ್ಷ ಆ ವಿಮಾನಕ್ಕೆ ಗಾಲಿ ತೆಗೆದು ದೋಣಿಯಂಥ ಎರಡು ತೇಲುಗಳನ್ನು ಕಟ್ಟಿದರು. ವಿಮಾನ ಕ್ಯೂಕಾ ನೀರಿನ ಮೇಲೆ ಜೋರಾಗಿ ಓಡಿತು, ಆದರೆ ಮೇಲಕ್ಕೆ ಏಳಲೇ ಇಲ್ಲ! ಆಮೇಲೆ ಕೆಳಗೆ ಒಂದು ದೋಣಿಯನ್ನೇ ಕಟ್ಟಿ ನೋಡಿದರು. ಅದೂ ಸರಿಹೋಗಲಿಲ್ಲ. ಅಷ್ಟರಲ್ಲಿ 1910ರ ಮಾರ್ಚ್ 28ರಂದು ಫ್ರಾನ್ಸಿನ ಹೆನ್ರಿ ಫಾಬ್ರ್ ನೀರಿನಿಂದ ಮೊದಲು ಹಾರಿಬಿಟ್ಟರು. ಕರ್ಟಿಸ್ ಬೇಜಾರು ಮಾಡಿಕೊಂಡು ಕೂರಲಿಲ್ಲ. ಸ್ಯಾನ್ ಡಿಯೇಗೊ ಎಂಬ ಊರಿಗೆ ಹೋಗಿ ದಿನಾ ತೇಲು ಬದಲಾಯಿಸಿ ಬದಲಾಯಿಸಿ ನೋಡಿದರು. 1911ರ ಜನವರಿ 26ರಂದು ಅವರ ವಿಮಾನ ನೀರು ಬಿಟ್ಟು ಎದ್ದಿತು. ಆಮೇಲೆ 12 ಅಡಿ ಉದ್ದ, 2 ಅಡಿ ಅಗಲದ ಒಂದೇ ಚಪ್ಪಟೆ ತೇಲು ಸಾಕು ಎಂದು ಗೊತ್ತಾಯಿತು.

ವಿಮಾನದ ಫ್ಯಾನಿಗೆ ಪ್ರೊಪೆಲ್ಲರ್ ಅಂತಾರೆ. ಅದರ ಅಲಗಿನ ಓರೆ ಕಮ್ಮಿ ಇದ್ದರೆ ಏಳುವಾಗ ಎಳೆತ ಜಾಸ್ತಿ. ಓರೆ ಜಾಸ್ತಿ ಇದ್ದರೆ ಮೇಲೆ ಹೋದ ಮೇಲೆ ವೇಗ ಜಾಸ್ತಿ. ಸೈಕಲ್ ಗೇರಿನ ಹಾಗೆ ಅಂದುಕೊಳ್ಳಿ. ನೀರು ಹಿಡಿದು ಎಳೆಯುವುದರಿಂದ ನೀರಿನ ವಿಮಾನಕ್ಕೆ ಏಳುವಾಗಿನ ಎಳೆತವೇ ಮುಖ್ಯ. ನೀರಿನ ಹನಿ ಬಡಿದರೆ ಮರದ ಫ್ಯಾನು ಸವೆದುಹೋಗುತ್ತದೆ, ಅದಕ್ಕೇ ಅದನ್ನು ಎತ್ತರದಲ್ಲಿ ಇಡಬೇಕು.

1912ರಲ್ಲಿ ಅವರು ದೋಣಿಯೇ ಮೈಯಾಗಿರುವ ವಿಮಾನ ಮಾಡಿದರು. ಮತ್ತೆ ಅದೇ ಕಥೆ, ನೀರು ಬಿಡಲೇ ಇಲ್ಲ. ಕರ್ಟಿಸ್ ಮೋಟಾರ್ ದೋಣಿಯಲ್ಲಿ ಪಕ್ಕದಲ್ಲೇ ಓಡುತ್ತಾ ವಿಮಾನದ ಅಡಿಯನ್ನು ನೋಡಿದರು. ತಪ್ಪು ಎಂಜಿನ್ನಿನದಲ್ಲ, ತಳದ್ದು. ದಡಕ್ಕೆ ಬಂದು ತಳಕ್ಕೆ ಮರದ ತುಂಡು ಹೊಡೆಸಿ ಒಂದು ಮೆಟ್ಟಿಲು ಮಾಡಿಸಿದರು. ವಿಮಾನ ಹಾರಿತು!

ಯಾಕೆ ಹಾರಿತು ಅಂತ ನನಗೆ ಅರ್ಥವಾಗಲಿಲ್ಲ. ರಾತ್ರಿ ಅಣ್ಣನಿಗೆ ಓದಿ ಹೇಳಿದೆ. ನಮ್ಮಣ್ಣ ಎಂಟನೇ ಕ್ಲಾಸಿಗೇ ಬಿಟ್ಟು ತಾತನ ಜೊತೆ ಹಿನ್ನೀರಲ್ಲಿ ಮೀನು ಹಿಡಿಯುತ್ತಾನೆ. ಅವನು ತಕ್ಷಣ ಹೇಳಿಬಿಟ್ಟ. ಹರಿಗೋಲನ್ನು ನೀರಿಂದ ನೇರಕ್ಕೆ ಎತ್ತಿದರೆ ಬರೋದೇ ಇಲ್ಲವಂತೆ, ನೀರು ಹಿಡ್ಕೊಳ್ಳುತ್ತಂತೆ. ಒಂದು ಅಂಚು ಓರೆ ಮಾಡಿ ಗಾಳಿ ಬಿಟ್ಟರೆ ಸಲೀಸಾಗಿ ಬರುತ್ತಂತೆ. ಮೆಟ್ಟಿಲಿನ ಕೆಲಸವೂ ಅದೇ, ತಳದ ಅಡಿಗೆ ಗಾಳಿ ಬಿಡೋದು. ಮಾರನೇ ದಿನ ನಾನೇ ಎತ್ತಿ ನೋಡಿದೆ. ನಿಜ!

1919ರಲ್ಲಿ ಕರ್ಟಿಸ್ ಕಂಪನಿಯೂ ನೌಕಾಪಡೆಯೂ ಸೇರಿ ಮಾಡಿದ ಎನ್.ಸಿ. 4 ಎಂಬ ನೀರಿನ ವಿಮಾನ ನಡುವೆ ಅಲ್ಲಲ್ಲಿ ಇಳಿಯುತ್ತಾ ಅಟ್ಲಾಂಟಿಕ್ ಸಾಗರ ದಾಟಿತು. ರೈಟ್ ಸಹೋದರರಿಗೂ ಕರ್ಟಿಸ್ ಅವರಿಗೂ ಕೋರ್ಟಿನಲ್ಲಿ ಬಹಳ ವರ್ಷ ಜಗಳ ನಡೆಯಿತು. ಆದರೂ 1929ರಲ್ಲಿ ಎರಡೂ ಹೆಸರಿನ ಕಂಪನಿಗಳು ಒಂದಾದವು. 1930ರ ಜುಲೈ 23ರಂದು, 52ನೇ ವಯಸ್ಸಿನಲ್ಲಿ, ಕರ್ಟಿಸ್ ಆಪರೇಷನ್ ಆದ ಮೇಲೆ ತೀರಿಕೊಂಡರು.

ಅವರ ಹೆಸರಿನ ಹಾಕ್ ವಿಮಾನ 1942ರಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಣೆಯಾಗಿ ಹಾರಿತು. ಯುದ್ಧದ ಕಾಲದಲ್ಲಿ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ನೀರಿನ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅವುಗಳ ತಳದಲ್ಲೂ ಆ ಮೆಟ್ಟಿಲು ಇತ್ತು.

ಗೆಳೆಯರೇ, ಶಾಲೆ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಕರ್ಟಿಸ್ ಕೂಡ ಓದಿದವರ ಜೊತೆ ಸೇರಿಯೇ ಕಲಿತರು. ಆದರೆ ಶಾಲೆ ಬಿಟ್ಟವರಿಗೆ ಏನೂ ಗೊತ್ತಿಲ್ಲ ಅನ್ನೋದು ಸುಳ್ಳು. ನಮ್ಮಣ್ಣ ಬಿಟ್ಟ ಮೇಲೆ ನಾಚಿಕೆಯಿಂದ ಈ ಗೇಟಿನೊಳಕ್ಕೆ ಬಂದಿಲ್ಲ. ಈ ಹಾಳೆ ಗೋಡೆಗೆ ಅಂಟಿಸಿದ ದಿನ ಅವನನ್ನು ಕರೆದುಕೊಂಡು ಬಂದು ತೋರಿಸುತ್ತೇನೆ. ಮೇಷ್ಟ್ರು ಒಪ್ಪಿದರೆ ಹರಿಗೋಲನ್ನೂ ತರುತ್ತೇವೆ, ನೀವೇ ಎತ್ತಿ ನೋಡಿ.

– 7ನೇ ತರಗತಿ ವಿದ್ಯಾರ್ಥಿ