ನಿವೃತ್ತಿಯ ನಂತರವೂ ದುಡಿದ ಉತ್ತಂಗಿ ಚನ್ನಪ್ಪನವರು

ನಿವೃತ್ತಿಯ ದಿನ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಒಳ್ಳೆಯ ಮಾತನಾಡಿ ಕಳಿಸುತ್ತಾರೆ. ಕಷ್ಟ ಶುರುವಾಗುವುದು ಮರುದಿನ ಬೆಳಿಗ್ಗೆ. ಮೂವತ್ತು ವರ್ಷದ ರೂಢಿಯಂತೆ ಬೇಗ ಎದ್ದು ಸ್ನಾನ ಮುಗಿಸಿದ ಮನುಷ್ಯನಿಗೆ ಹೋಗಲು ಜಾಗವಿರುವುದಿಲ್ಲ. ಕಪನೂರಿನ ಕಾರ್ಖಾನೆಯಲ್ಲಿ ದುಡಿದವರಿರಲಿ, ಕಲಬುರಗಿಯ ಕಚೇರಿ, ಶಾಲೆಗಳಲ್ಲಿ ಇದ್ದವರಿರಲಿ, ಈ ಬೆಳಗು ಎಲ್ಲರಿಗೂ ಬರುತ್ತದೆ. ಕೆಲವರು ಅಡಿಗೆಮನೆಗೆ ಹೋಗಿ ಹೆಂಡತಿಯ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ. ಕೆಲವರು ಮಾತೇ ಬಿಟ್ಟು ಮೂಲೆ ಹಿಡಿಯುತ್ತಾರೆ. ಇನ್ನು ನಾನು ಯಾರಿಗೂ ಬೇಡದವನು ಎಂಬ ಯೋಚನೆ ಒಳಗೊಳಗೇ ಕೊರೆಯುತ್ತದೆ.

ಇಂಥವರು ತಿಳಿಯಬೇಕಾದ ಒಂದು ಬಾಳು ಉತ್ತಂಗಿ ಚನ್ನಪ್ಪನವರದು.

ಅವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಮನೆತನದ ಮೂಲ ಊರು ಬಳ್ಳಾರಿ ಸೀಮೆಯ ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ. ಆ ತಾಲ್ಲೂಕು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಲಿಂಗಾಯತರಾಗಿದ್ದ ಈ ಕುಟುಂಬ ಅಜ್ಜನ ಕಾಲದಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಬಂದಿತ್ತು. ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೈವಶಾಸ್ತ್ರ ಓದಿ ಪಾದ್ರಿಗಳಾದರು. ಅವರು ನಮ್ಮ ಕಥೋಲಿಕ ಸಭೆಯವರಲ್ಲ, ಪ್ರೊಟೆಸ್ಟೆಂಟರು. ಆದರೆ ಅವರ ಬಾಳಿನ ಪಾಠಕ್ಕೆ ಆ ಭೇದವಿಲ್ಲ.

ಸೇವೆಯಲ್ಲಿದ್ದಾಗ ಅವರು ಧಾರವಾಡ ಸೀಮೆಯ ಊರೂರು ತಿರುಗಬೇಕಾಗಿತ್ತು. ಹೋದಲ್ಲೆಲ್ಲ ರೈತರ ಬಾಯಲ್ಲಿ ಸರ್ವಜ್ಞನ ತ್ರಿಪದಿಗಳು ಕಿವಿಗೆ ಬೀಳುತ್ತಿದ್ದವು. ಯಾರೂ ಕೂಡಿಸಿಡದಿದ್ದರೆ ಇವು ಮುದುಕರ ಜೊತೆಗೇ ಹೋಗಿಬಿಡುತ್ತವೆ ಎಂದು ಅವರಿಗೆ ಅನ್ನಿಸಿತು. ಸಭೆಯ ಕೆಲಸ ಬಿಡದೆಯೇ ವರ್ಷಗಟ್ಟಲೆ ಅವನ್ನು ಕೇಳಿ ಬರೆದುಕೊಂಡರು, ಹಸ್ತಪ್ರತಿಗಳನ್ನು ಹುಡುಕಿ ಓದಿದರು. ಹೀಗೆ ಕೂಡಿಸಿದ ಸುಮಾರು 2,000 ವಚನಗಳ ಸಂಪಾದನೆ 1924ರಲ್ಲಿ ಅಚ್ಚಾಯಿತು. ಕನ್ನಡಿಗರು ಇಂದು ಸರ್ವಜ್ಞನನ್ನು ಓದುವುದರ ಹಿಂದೆ ಈ ಪಾದ್ರಿಯ ಕಾಲ್ನಡಿಗೆಯಿದೆ.

ಅರವತ್ತರ ಆಸುಪಾಸಿನಲ್ಲಿ ಅವರು ಸೇವೆಯಿಂದ ನಿವೃತ್ತರಾಗಿ ಪೂರ್ವಿಕರ ಉತ್ತಂಗಿಯಲ್ಲಿ ನೆಲೆಸಿದರು. ಅದು ನಗರವಲ್ಲ. ಪಕ್ಕದಲ್ಲಿ ಗ್ರಂಥಾಲಯವಿಲ್ಲ, ವಿಶ್ವವಿದ್ಯಾಲಯವಿಲ್ಲ. ಹಳ್ಳಿಯ ಸರಳ ಬದುಕು, ಕೈಯಲ್ಲಿ ಹೆಚ್ಚು ಹಣವೂ ಇಲ್ಲ. ತಮ್ಮನ್ನು ತಾವೇ ತಿರುಕ ಎಂದು ಕರೆದುಕೊಂಡವರು ಅವರು. ಕನ್ನಡ ನಾಡು ಆ ಮಾತನ್ನೇ ಬಿರುದು ಮಾಡಿ, ತಿರುಳ್ಗನ್ನಡದ ತಿರುಕ ಎಂದು ಗೌರವಿಸಿತು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ನಿವೃತ್ತರಾದ ಮೇಲೆ ಅವರು ಹೊತ್ತು ಕಳೆಯಲೆಂದು ಹೊಸ ಹವ್ಯಾಸ ಹುಡುಕಲಿಲ್ಲ. ನೌಕರಿಯ ನಡುವೆ ಬಿಡುವು ಮಾಡಿಕೊಂಡು ಪ್ರೀತಿಯಿಂದ ಮಾಡುತ್ತಿದ್ದ ಕೆಲಸಕ್ಕೇ ಈಗ ಇಡೀ ದಿನ ಕೊಟ್ಟರು. ಸರ್ವಜ್ಞನ ವಚನಗಳಲ್ಲಿ ಪಳಗಿದ್ದ ಕೈ ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಎತ್ತಿಕೊಂಡಿತು.

1949ರಲ್ಲಿ ನಮ್ಮ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, ಈ ಭಾಗದ ಜನ ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಕಾಲವದು. ಆ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ನಿವೃತ್ತ ಪಾದ್ರಿ ಚನ್ನಪ್ಪನವರು. ಶರಣರ ನಾಡಿನಲ್ಲಿ ಕನ್ನಡಿಗರು ಒಬ್ಬ ಕ್ರೈಸ್ತನಿಗೆ ಆ ಗೌರವ ಕೊಟ್ಟದ್ದನ್ನು ನಾವು ಮರೆಯಬಾರದು.

ಅದಾದ ಮೇಲೂ ಅವರು ಕೈಕಟ್ಟಿ ಕೂರಲಿಲ್ಲ. ಕಪನೂರಿನಿಂದ ಕಮಲಾಪುರ, ಹುಮನಾಬಾದ್ ದಾಟಿ ಹೋದರೆ ಸಿಗುವ ಬಸವಕಲ್ಯಾಣದಲ್ಲಿ ಶರಣರ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಚರ್ಚೆ ಆಗ ವಿದ್ವಾಂಸರಲ್ಲಿ ನಡೆದಿತ್ತು. ಇತ್ತು ಎಂದು ಆಧಾರಗಳೊಡನೆ ವಾದಿಸಿ ಅವರು ಪುಸ್ತಕ ಬರೆದರು. ಅದು 1951ರಲ್ಲಿ ಹೊರಬಂದಾಗ ಅವರಿಗೆ ಎಪ್ಪತ್ತು ಹತ್ತಿರವಾಗಿತ್ತು. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿ 1955ರಲ್ಲಿ ಪ್ರಕಟಿಸಿದರು. ಮೋಳಿಗೆಯ ಮಾರಯ್ಯನ ವಚನಗಳನ್ನೂ ಸಂಪಾದಿಸಿದರು. ಈ ಮಾರಯ್ಯ ಕಾಶ್ಮೀರದ ಅರಸನಾಗಿದ್ದು, ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದನೆಂದು ಪರಂಪರೆ ಹೇಳುತ್ತದೆ. ಅಧಿಕಾರ ಹೋದ ಮೇಲೂ ದುಡಿಮೆಯಲ್ಲಿ ಮಾನ ಕಂಡವನ ಮಾತುಗಳನ್ನು, ನಿವೃತ್ತನಾಗಿಯೂ ದುಡಿಯುತ್ತಿದ್ದವರು ಕಾಪಾಡಿಕೊಟ್ಟರು.

1962ರ ಆಗಸ್ಟ್ 28ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಚನ್ನಪ್ಪನವರು ತೀರಿಕೊಂಡರು. ನಿವೃತ್ತಿಯ ನಂತರ ದೇವರು ಅವರಿಗೆ ಕೊಟ್ಟದ್ದು ಸುಮಾರು ಇಪ್ಪತ್ತು ವರ್ಷ. ಆ ವರ್ಷಗಳನ್ನು ಅವರು ಪಿಂಚಣಿಯ ಲೆಕ್ಕದಲ್ಲಿ ಕಳೆಯಲಿಲ್ಲ.

ಪ್ರಿಯ ಓದುಗರೇ, ನಾವೆಲ್ಲರೂ ವಿದ್ವಾಂಸರಾಗಬೇಕಿಲ್ಲ. ಆದರೆ ನೌಕರಿಯಲ್ಲಿದ್ದಾಗ ಸಮಯ ಸಿಕ್ಕರೆ ಮಾಡುತ್ತೇನೆ ಎಂದು ಮುಂದೂಡಿದ ಒಂದು ಕೆಲಸ ಪ್ರತಿಯೊಬ್ಬರಿಗೂ ಇರುತ್ತದೆ. ಮೊದಲು ಅದನ್ನು ನೆನಪಿಸಿಕೊಳ್ಳಿ. ಯಂತ್ರದ ಕೆಲಸ ಬಲ್ಲವರು ನೆರೆಯ ಇಬ್ಬರು ಹುಡುಗರಿಗೆ ಅದನ್ನು ಕಲಿಸಬಹುದು. ಕಚೇರಿಯಲ್ಲಿದ್ದವರು ಓದುಬರಹ ಬಾರದವರ ಅರ್ಜಿ ಬರೆದುಕೊಡಬಹುದು. ಕೇಳುವ ತಾಳ್ಮೆಯುಳ್ಳವರು ಊರಿನ ಅಜ್ಜಿಯರ ಹಾಡು, ಗಾದೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬಹುದು. ಸರ್ವಜ್ಞನ ವಚನಗಳು ನಮಗೆ ಉಳಿದುಬಂದದ್ದು ಹಾಗೆಯೇ.

ನಿಮ್ಮ ಮನೆಯಲ್ಲಿ ನಿವೃತ್ತರಾದ ಹಿರಿಯರಿದ್ದರೆ, ಕೂತು ವಿಶ್ರಾಂತಿ ತೊಗೊಳ್ರಿ ಎಂದು ಹೇಳಿ ಸುಮ್ಮನಾಗಬೇಡಿ. ಅವರಿಗೆ ಬರುವ ಒಂದು ಕೆಲಸವನ್ನು ಅವರಲ್ಲಿ ಕೇಳಿ. ಇನ್ನೂ ನಮಗೆ ಬೇಕಾದವರು ನೀವು ಎಂಬುದು ಅವರಿಗೆ ತಿಳಿಯುವುದು ಹಾಗೆ ಕೇಳಿದಾಗಲೇ.